ಮಕ್ಕಳ ಬರಹ ತಿದ್ದುವುದು ಹೇಗೆ? ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು, ಬಿ.ಎಡ್. ಮಾಡುತ್ತಾ ಪಾಠ ಮಾಡಲು ಬರುವವರು ನೋಟ್‌ಬುಕ್ ರಾಶಿ ಮುಂದಿಟ್ಟುಕೊಂಡು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗಳು ಜಾಸ್ತಿ ಕನ್ನಡದವು, ಸ್ವಲ್ಪ ಗಣಿತದವು. ಬೇರೆ ವಿಷಯ ಕಲಿಸುವವರು ತಮಗೆ ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದು.

ಅಂಕ ಕೊಟ್ಟರೆ ಸಾಲದಾ? ಹಿಮ್ಮಾಹಿತಿ (ಫೀಡ್‌ಬ್ಯಾಕ್) ಬೇರೆ ಯಾಕೆ ಬೇಕು?

10ಕ್ಕೆ 6 ಅಂತ ಬರೆದರೆ ಮಗುವಿಗೆ ಗೊತ್ತಾಗುವುದು ನಾಲ್ಕು ಅಂಕ ಹೋಯಿತು ಅನ್ನುವುದಷ್ಟೇ. ಎಲ್ಲಿ ಹೋಯಿತು, ಯಾಕೆ ಹೋಯಿತು, ಮುಂದಿನ ಸಲ ಏನು ಮಾಡಬೇಕು, ಇದ್ಯಾವುದೂ ಆ ಸಂಖ್ಯೆಯಲ್ಲಿ ಇಲ್ಲ. ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ ಎಂಬ ಸಂಶೋಧಕರು 2007ರಲ್ಲಿ ಇದನ್ನು ಮೂರು ಪ್ರಶ್ನೆಗಳಲ್ಲಿ ಹೇಳಿದರು. ನಾನು ಎಲ್ಲಿಗೆ ಹೋಗಬೇಕು? ಈಗ ಎಲ್ಲಿದ್ದೇನೆ? ಮುಂದಿನ ಹೆಜ್ಜೆ ಯಾವುದು? ಶಿಕ್ಷಕರ ಮಾತು ಈ ಮೂರಕ್ಕೂ ಉತ್ತರ ಕೊಟ್ಟರೆ ಅದು ಹಿಮ್ಮಾಹಿತಿ. ನಮ್ಮಲ್ಲಿ ಹೆಚ್ಚಿನವರು ಎರಡನೆಯದಕ್ಕೆ ಉತ್ತರ ಕೊಟ್ಟು ನಿಲ್ಲಿಸಿಬಿಡುತ್ತೇವೆ. ಮೂರನೆಯದೇ ಮಗುವಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕು ಅನ್ನುತ್ತದೆ. ಅದಕ್ಕೇ ನಮ್ಮಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ). ಪಾಠ ನಡೆಯುತ್ತಿರುವಾಗಲೇ ಮಗು ಎಲ್ಲಿ ಎಡವುತ್ತಿದೆ ಅಂತ ಕಂಡುಕೊಂಡು ಕೈಹಿಡಿಯಲಿ ಅಂತಲೇ ಎಫ್‌ಎ ಇರುವುದು. ಎಷ್ಟೋ ಶಾಲೆಗಳಲ್ಲಿ ಅದು ಇನ್ನೊಂದು ಸಣ್ಣ ಪರೀಕ್ಷೆಯಾಗಿ, ಅಂಕ ರಿಜಿಸ್ಟರಿಗೆ ಏರಿದ ಕೂಡಲೇ ಮುಗಿದುಹೋಗುತ್ತದೆ. ನನಗೆ ಇದು ತುಂಬಾ ಬೇಸರದ ವಿಷಯ. ಮಗುವಿಗೆ ಸಿಗಬೇಕಾದ ಪಾಲು ಅಲ್ಲೇ ಕೈತಪ್ಪುತ್ತದೆ.

ಅಂಕವನ್ನೂ ಬರೆದು, ಪಕ್ಕದಲ್ಲಿ ಸಲಹೆಯನ್ನೂ ಬರೆದರೆ ಎರಡೂ ಆಯಿತಲ್ವಾ?

ಹಾಗೆ ಅನ್ನಿಸುತ್ತದೆ, ಆದರೆ ಹಾಗಾಗುವುದಿಲ್ಲ. ರೂತ್ ಬಟ್ಲರ್ ಇಸ್ರೇಲಿನ ಐದು, ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬರೀ ಅಂಕ, ಇನ್ನೊಂದಕ್ಕೆ ಬರೀ ಟಿಪ್ಪಣಿ, ಮೂರನೆಯದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದ ಮಕ್ಕಳ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡನ್ನೂ ಪಡೆದವರು ಬರೀ ಅಂಕ ಪಡೆದವರ ಸಾಲಿಗೇ ಸೇರಿದರು. ಅಂಕ ಕಣ್ಣಿಗೆ ಬಿದ್ದ ಮೇಲೆ ಟಿಪ್ಪಣಿಗೆ ಜಾಗವೇ ಉಳಿಯಲಿಲ್ಲ.

ನಮ್ಮ ಕ್ಲಾಸಿನಲ್ಲೂ ನೋಡಿ. ಪೇಪರ್ ಕೈಗೆ ಬಂದ ಕೂಡಲೇ ಮಗು ಮೊದಲು ಅಂಕ ನೋಡುತ್ತದೆ. ಆಮೇಲೆ ಪಕ್ಕದವರಿಗೆ "ನಿಂಗೆಷ್ಟು?" ಅಂತ ಕೇಳುತ್ತದೆ. ಅಲ್ಲಿಗೆ ಮುಗಿಯಿತು. ಅದಕ್ಕೆ ನಾನು ಪ್ರಬಂಧ, ಪತ್ರಲೇಖನ ವಾಪಸ್ ಕೊಡುವಾಗ ಟಿಪ್ಪಣಿ ಮಾತ್ರ ಬರೆದಿರುತ್ತೇನೆ. ಅಂಕ ನನ್ನ ಡೈರಿಯಲ್ಲಿ ಇರುತ್ತದೆ. ಮಕ್ಕಳು ಟಿಪ್ಪಣಿ ಓದಿ, ಹೇಳಿದ್ದನ್ನು ತಿದ್ದಿ ತೋರಿಸಿದ ಮೇಲೆ ಅಂಕ ಹೇಳುತ್ತೇನೆ. ಮೊದಮೊದಲು ಗಲಾಟೆ ಮಾಡುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ.

ಕಂಡ ತಪ್ಪನ್ನೆಲ್ಲ ತಿದ್ದಬೇಕಾ?

ಬೇಡ. ಪುಟವೆಲ್ಲ ಕೆಂಪಾದರೆ ಮಗು ಓದುವುದಿಲ್ಲ, ಮುಚ್ಚಿಡುತ್ತದೆ. ಒಂದು ಬರಹಕ್ಕೆ ಒಂದೋ ಎರಡೋ ವಿಷಯ ಸಾಕು.

ಎಂಟನೇ ತರಗತಿಯ ಮಗು 'ನಮ್ಮೂರ ಜಾತ್ರೆ' ಬಗ್ಗೆ ಹೀಗೆ ಬರೆದಿದೆ ಅಂತಿಟ್ಟುಕೊಳ್ಳಿ:

"ನಮ್ಮ ಊರಲ್ಲಿ ಜಾತ್ರೆ ತುಂಬಾ ಚೆನ್ನಾಗಿ ಇರುತದೆ. ತೇರು ಎಳೆಯುತಾರೆ. ತುಂಬಾ ಜನ ಬರುತಾರೆ. ಅಂಗಡಿಗಳು ಇರುತವೆ. ಹೋದ ವರ್ಷ ನಾನು ಬಾಳೆಹಣ್ಣು ಎಸೆದೆ ಅದು ತೇರಿಗೆ ತಾಗಲಿಲ್ಲ ಮುಂದೆ ಇದ್ದ ಅಜ್ಜನ ಪೇಟದ ಮೇಲೆ ಬಿತ್ತು."

ಮೊದಲ ನೋಟಕ್ಕೆ ತಪ್ಪುಗಳು ತುಂಬಾ ಕಾಣುತ್ತವೆ. ಸ್ವಲ್ಪ ನಿಧಾನವಾಗಿ ನೋಡಿ. ಇರುತದೆ, ಎಳೆಯುತಾರೆ, ಬರುತಾರೆ, ಇರುತವೆ: ನಾಲ್ಕು ಕಡೆಯೂ ತಪ್ಪು ಒಂದೇ, ತಕಾರದ ಒತ್ತು ಬಿಟ್ಟಿದೆ. ಇನ್ನು ಕೊನೆಯ ಸಾಲು. ಅದರ ಮಧ್ಯೆ ಎಲ್ಲೂ ಪೂರ್ಣವಿರಾಮ ಇಲ್ಲ, ನಿಜ. ಆದರೆ ಇಡೀ ಪ್ರಬಂಧದಲ್ಲಿ ಜೀವ ಇರುವುದು ಅಲ್ಲೇ. ಮೊದಲ ನಾಲ್ಕು ವಾಕ್ಯ ಯಾವ ಊರಿನ ಯಾವ ಮಗು ಬೇಕಾದರೂ ಬರೆಯಬಹುದು. ಬಾಳೆಹಣ್ಣಿನ ವಾಕ್ಯವನ್ನು ಈ ಮಗು ಮಾತ್ರ ಬರೆಯಬಲ್ಲದು.

ನಾನಾದರೆ ಕೆಳಗೆ ಹೀಗೆ ಬರೆಯುತ್ತೇನೆ: "ಅಜ್ಜನ ಪೇಟದ ಮೇಲೆ ಬಾಳೆಹಣ್ಣು ಬಿದ್ದಿದ್ದು ಕಣ್ಣಿಗೆ ಕಟ್ಟಿತು. ಆಮೇಲೆ ಅಜ್ಜ ಏನಂದರು? ನೀನೇನು ಮಾಡಿದೆ? ಇನ್ನೂ ಮೂರು ಸಾಲು ಬರೆ. 'ಇರುತದೆ' ಅಂತ ಬರೆದಿದ್ದೀಯ, ಒಂದು ಒತ್ತು ಬಿಟ್ಟಿದೆ. ಅಂಥವು ಇನ್ನೂ ಮೂರು ಇವೆ, ಹುಡುಕಿ ಸರಿ ಮಾಡು."

ಪೂರ್ಣವಿರಾಮದ ಮಾತು ಈ ಸಲ ಎತ್ತುವುದಿಲ್ಲ. ಮುಂದಿನ ಬರಹಕ್ಕೆ ಇಟ್ಟುಕೊಳ್ಳುತ್ತೇನೆ. ನಾಲ್ಕು ಒತ್ತನ್ನೂ ನಾನೇ ಹಾಕಿಕೊಟ್ಟರೆ ಕೆಲಸ ಮಾಡಿದ್ದು ನಾನು. ಮೂರನ್ನು ಮಗುವೇ ಹುಡುಕಿದರೆ ಮುಂದಿನ ಸಲ ಬರೆಯುವಾಗ ಕೈ ತಾನೇ ತಡೆಯುತ್ತದೆ.

"ಗುಡ್", "ವೆರಿ ಗುಡ್" ಅಂತ ಬರೆದರೆ ತಪ್ಪೇನು?

ತಪ್ಪೇನಿಲ್ಲ, ಉಪಯೋಗ ಕಡಿಮೆ. ಯಾವುದು ಚೆನ್ನಾಗಿದೆ ಅಂತ ಹೇಳದ ಹೊಗಳಿಕೆಯಿಂದ ಮಗುವಿಗೆ ಖುಷಿಯಾಗುತ್ತದೆ, ಆದರೆ ಮತ್ತೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. "ವೆರಿ ಗುಡ್" ಬದಲು "ಗಾದೆಯ ಅರ್ಥ ಹೇಳಿ, ನಿಮ್ಮ ಮನೆಯದೇ ಉದಾಹರಣೆ ಕೊಟ್ಟಿದ್ದೀಯ, ಅದರಿಂದ ವಿವರಣೆ ಗಟ್ಟಿಯಾಯಿತು" ಅನ್ನಿ. ಮುಂದಿನ ಗಾದೆಗೂ ಮಗು ತನ್ನ ಸುತ್ತಲಿನ ಉದಾಹರಣೆ ಹುಡುಕುತ್ತದೆ.

"ನೀನು ಭಾರೀ ಬುದ್ಧಿವಂತ" ಅನ್ನುವ ಹೊಗಳಿಕೆಯ ಬಗ್ಗೆ ಇನ್ನೂ ಎಚ್ಚರ ಬೇಕು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಕೆಲವರ ಬುದ್ಧಿವಂತಿಕೆಯನ್ನು, ಕೆಲವರ ಶ್ರಮವನ್ನು ಹೊಗಳಿದರು. ಆಮೇಲೆ ಕಷ್ಟದ ಒಗಟು ಕೊಟ್ಟು ಸೋಲುವ ಹಾಗೆ ಮಾಡಿದಾಗ, ಬುದ್ಧಿವಂತರು ಅನ್ನಿಸಿಕೊಂಡವರೇ ಬೇಗ ಕೈಚೆಲ್ಲಿದರು. ಸೋತರೆ ತಾನು ದಡ್ಡ ಅಂತಾಗುತ್ತದಲ್ಲ ಅನ್ನುವ ಭಯ. ನಮ್ಮ ಶಾಲೆಗಳ ಫಸ್ಟ್ ಬೆಂಚಿನಲ್ಲೂ ಈ ಭಯ ಕೂತಿರುತ್ತದೆ. ಕ್ಲಾಸಿಗೆ ಮೊದಲಿಗರಾದ ಮಕ್ಕಳು ಗೊತ್ತಿಲ್ಲದ ಪ್ರಶ್ನೆಗೆ ಕೈ ಎತ್ತುವುದೇ ಇಲ್ಲ, ಗಮನಿಸಿ ನೋಡಿ.

ಹಿಮ್ಮಾಹಿತಿ ಯಾವತ್ತೂ ಒಳ್ಳೆಯದೇ ಮಾಡುತ್ತದಾ?

ಇಲ್ಲ. ಅವ್ರಹಾಮ್ ಕ್ಲೂಗರ್ ಮತ್ತು ಆಂಜಲೋ ಡಿನಿಸಿ 1996ರಲ್ಲಿ ಆವರೆಗಿನ ನೂರಾರು ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದಾಗ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹಿಮ್ಮಾಹಿತಿ ಕೊಟ್ಟ ಮೇಲೆ ಕೆಲಸ ಇನ್ನೂ ಹದಗೆಟ್ಟಿತ್ತು. ಮಾತು ಕೆಲಸದ ಮೇಲಿಂದ ಜಾರಿ ವ್ಯಕ್ತಿಯ ಮೇಲೆ ಬಿದ್ದಾಗ ಹಾಗಾಗುವ ಸಂಭವ ಜಾಸ್ತಿ. "ಈ ವಾಕ್ಯದಲ್ಲಿ ಕ್ರಿಯಾಪದ ಇಲ್ಲ" ಅನ್ನುವುದು ಕೆಲಸದ ಮಾತು. "ನಿಂಗೆ ಒಂದು ವಾಕ್ಯ ಬರೆಯೋಕೂ ಬರಲ್ವಾ" ಅನ್ನುವುದು ಮಗುವಿನ ಮೇಲಿನ ಮಾತು. ಎರಡನೆಯದನ್ನು ಕೇಳಿದ ಮಗು ವಾಕ್ಯದ ಬಗ್ಗೆ ಯೋಚಿಸುವುದಿಲ್ಲ, ತನ್ನ ಬಗ್ಗೆ ಯೋಚಿಸುತ್ತಾ ಕೂರುತ್ತದೆ.

ನನ್ನ ಸೆಕ್ಷನ್‌ನಲ್ಲೇ 60 ಮಕ್ಕಳು. ಎಲ್ಲರಿಗೂ ಇಷ್ಟು ಬರೆಯೋಕೆ ಆಗುತ್ತಾ?

ಆಗುವುದಿಲ್ಲ. ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕೋಣ. ಒಂದು ನೋಟ್‌ಬುಕ್ಕಿಗೆ ಐದು ನಿಮಿಷ ಅಂದರೂ 60 ಮಕ್ಕಳಿಗೆ ಐದು ಗಂಟೆ. ಎರಡು ಮೂರು ಸೆಕ್ಷನ್ ಇದ್ದರೆ ರಾತ್ರಿಯೆಲ್ಲ ಕೂತರೂ ಮುಗಿಯಲ್ಲ. ಆದ್ದರಿಂದ ಎಲ್ಲದಕ್ಕೂ ಎಲ್ಲರಿಗೂ ಬರೆಯುವ ಆಸೆ ಬಿಡಿ.

ನಾನು ಮಾಡುವುದು ಇಷ್ಟು. ಬೋರ್ಡಿನಿಂದ ಇಳಿಸಿಕೊಂಡ ನೋಟ್ಸನ್ನು ತಿದ್ದೋಕೆ ಕೂರುವುದಿಲ್ಲ. ಅದು ನನ್ನದೇ ಬರಹ, ಮಗುವಿನ ಯೋಚನೆ ಅದರಲ್ಲಿಲ್ಲ. ಕಣ್ಣಾಡಿಸಿ ಬಿಡುತ್ತೇನೆ. ಮಗು ಸ್ವಂತವಾಗಿ ಬರೆದದ್ದಕ್ಕೆ ನನ್ನ ಸಮಯ ಮೀಸಲು. ಅದರಲ್ಲೂ ಒಂದು ವಾರಕ್ಕೆ ಒಂದು ಸಾಲಿನ ಮಕ್ಕಳು. ಅವರಿಗೆ ಪೂರ್ತಿ ಟಿಪ್ಪಣಿ, ಉಳಿದವರದ್ದು ಓದಿ ಸಹಿ. ಮುಂದಿನ ವಾರ ಇನ್ನೊಂದು ಸಾಲು. ಹೀಗೆ ಸುತ್ತು ಬರುವಷ್ಟರಲ್ಲಿ ಎಲ್ಲರಿಗೂ ಗಮನ ಸಿಕ್ಕಿರುತ್ತದೆ.

ಇನ್ನೊಂದು ದಾರಿ ನನಗೆ ತುಂಬಾ ಹಿಡಿಸಿದ್ದು. ರಾಶಿ ಓದುವಾಗ ಪಕ್ಕದಲ್ಲಿ ಹಾಳೆ ಇಟ್ಟುಕೊಂಡು, ಮತ್ತೆ ಮತ್ತೆ ಬರುವ ತಪ್ಪನ್ನು ಬರೆದುಕೊಳ್ಳಿ. 60 ಪುಸ್ತಕದಲ್ಲಿ 60 ಬಗೆಯ ತಪ್ಪು ಇರುವುದಿಲ್ಲ, ನಾಲ್ಕೈದು ಬಗೆ ಇರುತ್ತವೆ ಅಷ್ಟೇ. ಅವಕ್ಕೆ 1, 2, 3, 4 ಅಂತ ನಂಬರ್ ಕೊಡಿ. ಪುಸ್ತಕದಲ್ಲಿ ನಂಬರ್ ಮಾತ್ರ ಬರೆಯಿರಿ. ಮಾರನೇ ದಿನ ಬೋರ್ಡಿನ ಮೇಲೆ ನಂಬರಿನ ಮುಂದೆ ವಿವರಣೆ ಬರೆದು, ಉದಾಹರಣೆ ಕೊಟ್ಟು, ತಿದ್ದೋಕೆ ಕ್ಲಾಸಿನಲ್ಲೇ ಟೈಮ್ ಕೊಡಿ. ನಿಮ್ಮ ಕೈ ನೋವು ಅರ್ಧ ಕಡಿಮೆಯಾಗುತ್ತದೆ. ಯಾರೊಬ್ಬರ ಹೆಸರೂ ಬರದ್ದರಿಂದ ಯಾರಿಗೂ ಮುಜುಗರ ಇಲ್ಲ.

ಬರೆಯಲೇಬೇಕು ಅಂತಲೂ ಇಲ್ಲ. ಮಕ್ಕಳು ಬರೆಯುತ್ತಿರುವಾಗ ಬೆಂಚುಗಳ ಮಧ್ಯೆ ಓಡಾಡುತ್ತಾ, ಬಗ್ಗಿ ಒಂದು ಸಾಲು ಓದಿ, "ಈ ಮಾತಿಗೆ ಒಂದು ಉದಾಹರಣೆ ಸೇರಿಸು" ಅಂದು ಮುಂದೆ ಹೋದರೆ ಅದೂ ಹಿಮ್ಮಾಹಿತಿಯೇ. ಕೆಲಸ ನಡೆಯುವಾಗಲೇ ಸಿಕ್ಕಿದ್ದರಿಂದ ಎಷ್ಟೋ ಸಲ ಬರೆದ ಟಿಪ್ಪಣಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಕಷ್ಟಪಟ್ಟು ತಿದ್ದುತ್ತೇವೆ, ಮಕ್ಕಳು ನೋಡುವುದೇ ಇಲ್ಲ. ಏನು ಮಾಡುವುದು?

ನೋಡೋಕೆ ನಾವು ಟೈಮ್ ಕೊಟ್ಟಿದ್ದೇವಾ ಅಂತ ಮೊದಲು ಕೇಳಿಕೊಳ್ಳೋಣ. ಪಿರಿಯಡ್ ಮುಗಿಯುವ ಗಂಟೆ ಹೊಡೆಯುವಾಗ ಪುಸ್ತಕ ಹಂಚಿದರೆ ಅದು ನೇರ ಬ್ಯಾಗಿಗೆ ಹೋಗುತ್ತದೆ. ಪಿರಿಯಡ್ ಶುರುವಿನಲ್ಲೇ ಕೊಡಿ. ಹತ್ತು ನಿಮಿಷ ಹೊಸ ಪಾಠ ಬೇಡ. ಟಿಪ್ಪಣಿ ಓದಿ ಅದರ ಕೆಳಗೇ ತಿದ್ದಿ ಬರೆಯಲಿ. ಮುಂದಿನ ಸಲ ಪುಸ್ತಕ ನಿಮ್ಮ ಕೈಗೆ ಬಂದಾಗ ಮೊದಲು ಆ ತಿದ್ದುಪಡಿ ನೋಡಿ, ಆಮೇಲೆ ಹೊಸದನ್ನು ಓದಿ. ನೀವು ಹಿಂದಿನದನ್ನು ಕೇಳುತ್ತೀರಿ ಅಂತ ಗೊತ್ತಾದರೆ ಮಕ್ಕಳು ಓದಿಯೇ ಓದುತ್ತಾರೆ.

ಇನ್ನೊಂದು ಕಾರಣವೂ ಇರುತ್ತದೆ. ನಮ್ಮ ಅಕ್ಷರ ಅವರಿಗೆ ಅರ್ಥವಾಗಿರುವುದಿಲ್ಲ! "ಇನ್ನೂ ವಿವರ ಬೇಕು", "ಸುಧಾರಿಸು" ಅನ್ನುವ ಮಾತುಗಳು ಓದೋಕೆ ಬಂದರೂ ಏನು ಮಾಡಬೇಕು ಅಂತ ಹೇಳುವುದಿಲ್ಲ. ಟಿಪ್ಪಣಿ ಬರೆದ ಮೇಲೆ ಒಮ್ಮೆ ಓದಿ ನೋಡಿ: ಇದನ್ನು ಓದಿದ ಮಗು ಪೆನ್ ಹಿಡಿದು ಈಗಲೇ ಏನಾದರೂ ಮಾಡಬಹುದಾ? ಆಗದಿದ್ದರೆ ಬದಲಿಸಿ.

ಗಣಿತದಲ್ಲಿ ಉತ್ತರ ಸರಿ ಇಲ್ಲವೇ ತಪ್ಪು. ಅಲ್ಲಿ ಹೇಳೋಕೆ ಏನಿದೆ?

ಅಲ್ಲೇ ಜಾಸ್ತಿ ಇದೆ. 52ರಲ್ಲಿ 27 ಕಳೆದರೆ 35 ಅಂತ ಬರೆದ ಮಗುವಿಗೆ ತಪ್ಪು ಗುರುತು ಹಾಕಿ, 25 ಅಂತ ಬರೆದುಬಿಟ್ಟರೆ ಏನೂ ಕಲಿಸಿದಂತಾಗಲಿಲ್ಲ. ಮಗು ಸುಮ್ನೆ ಏನೋ ಬರೆದಿಲ್ಲ. 2ರಲ್ಲಿ 7 ಹೋಗಲ್ಲ, ಹಾಗಾಗಿ 7ರಲ್ಲಿ 2 ಕಳೆದು 5 ಬರೆದಿದೆ. 5ರಲ್ಲಿ 2 ಕಳೆದು 3 ಬರೆದಿದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಹಿಂದೆ ಯಾರೋ ಹೇಳಿದ್ದನ್ನು ನಿಷ್ಠೆಯಿಂದ ಪಾಲಿಸಿದೆ. 81ರಲ್ಲಿ 46 ಕಳೆ ಅಂದರೆ 45 ಅನ್ನುತ್ತದೆ, ನೋಡಿ ಬೇಕಾದರೆ. ಇಂಥ ಕಡೆ "ಹೇಗೆ ಮಾಡಿದೆ, ಹೇಳು" ಅಂತ ಕೇಳುವುದೇ ಮೊದಲ ಹೆಜ್ಜೆ. ಆಮೇಲೆ ಹತ್ತು ಹತ್ತು ಕಡ್ಡಿಗಳ ಕಟ್ಟು ಕೊಟ್ಟು, ಒಂದು ಕಟ್ಟು ಬಿಚ್ಚಿಸಿ. ದಶಕದಿಂದ ತರುವುದು ಅಂದರೆ ಏನು ಅಂತ ಕೈಗೇ ಗೊತ್ತಾಗುತ್ತದೆ.

ಭಿನ್ನರಾಶಿಯಲ್ಲಿ 1/2 + 1/3 = 2/5 ಅಂತ ಬರೆಯುವ ಮಕ್ಕಳು ಹೈಸ್ಕೂಲಿನಲ್ಲೂ ಇದ್ದಾರೆ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಸೂತ್ರ ಮತ್ತೆ ಹೇಳುವ ಮೊದಲು ಒಂದು ಪ್ರಶ್ನೆ ಬರೆಯಿರಿ: "2/5 ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?" ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗೆ ಬಂತು ಅಂತ ಮಗುವೇ ಗಾಬರಿಯಾಗುತ್ತದೆ. ಆ ಗಾಬರಿ ಬಂದ ಮೇಲೆ ಸೂತ್ರ ಹೇಳಿದರೆ ಕಿವಿಗೆ ಬೀಳುತ್ತದೆ.

ಕೆಂಪು ಶಾಯಿ ಬಿಡಬೇಕಾ?

ಬಣ್ಣಕ್ಕಿಂತ ಮಾತು ಮುಖ್ಯ. ಹಸಿರು ಶಾಯಿಯಲ್ಲಿ ಬೈದರೂ ಬೈಗುಳ ಬೈಗುಳವೇ. ನಾನು ಚೆನ್ನಾಗಿರುವ ಸಾಲಿನ ಕೆಳಗೂ ಅದೇ ಕೆಂಪು ಪೆನ್ನಿನಿಂದ ಗೆರೆ ಎಳೆಯುತ್ತೇನೆ. ಕೆಂಪು ಅಂದರೆ ತಪ್ಪು ಅನ್ನುವ ಭಾವನೆ ತಾನೇ ಹೋಗುತ್ತದೆ.

ಮಗು ಮನೆಯ ಮಾತಿನಲ್ಲೇ ಬರೆದರೆ ತಪ್ಪು ಅನ್ನಬೇಕಾ?

ಈ ಪ್ರಶ್ನೆಯ ಬಗ್ಗೆ ನನಗೆ ಹೇಳೋಕೆ ತುಂಬಾ ಇದೆ. ಧಾರವಾಡದ ಮಗು "ಹೋಗೂದು", "ಮಾಡೂದು" ಅಂತ ಬರೆಯುತ್ತದೆ. ಮೈಸೂರು ಕಡೆಯ ಹಳ್ಳಿಯ ಮಗು ಹಕಾರ ಬಿಟ್ಟು 'ಹಕ್ಕಿ' ಬರೆಯಬೇಕಾದ ಕಡೆ 'ಅಕ್ಕಿ' ಬರೆಯುತ್ತದೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಮಾತಾಡುವ ಮಗುವಿಗೆ ಶಾಲೆಯ ಕನ್ನಡ ಎರಡನೇ ಭಾಷೆಯೇ. ಇವರ ಪುಸ್ತಕದಲ್ಲಿ "ಅಶುದ್ಧ" ಅಂತ ಬರೆದರೆ ಮಗುವಿಗೆ ಕೇಳಿಸುವುದು ನನ್ನ ಮನೆ ಅಶುದ್ಧ, ನನ್ನ ಅವ್ವನ ಮಾತು ಅಶುದ್ಧ ಅಂತ. ಅಂಥ ಮಗು ಮುಂದೆ ಬಾಯಿ ಬಿಡುವುದಿಲ್ಲ, ಬರೆಯುವುದಂತೂ ದೂರವೇ ಉಳಿಯಿತು.

ಹೀಗೆ ಹೇಳಬಹುದು: "ಊರಲ್ಲಿ ನಾವು ಹೋಗೂದು ಅಂತೀವಿ, ಅದು ಸರಿಯೇ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಹೋಗುವುದು ಅಂತ ಬರೀತೀವಿ. ಎರಡೂ ನಿನಗೆ ಗೊತ್ತಿರಲಿ." ಕಥೆ ಬರೆಯುವಾಗ, ಪಾತ್ರಗಳ ಸಂಭಾಷಣೆ ಬರೆಯುವಾಗ ಮನೆಯ ಮಾತನ್ನೇ ಬಳಸು ಅಂತ ನಾನೇ ಹೇಳುತ್ತೇನೆ. ನಮ್ಮ ಸಾಹಿತ್ಯದ ಎಷ್ಟು ಒಳ್ಳೆಯ ಬರಹಗಳು ಊರಿನ ಮಾತಿನಲ್ಲಿಯೇ ಇಲ್ಲ! ಅಕ್ಕಿ-ಹಕ್ಕಿಯಂಥ ಕಡೆ ಅರ್ಥವೇ ಬದಲಾಗುವುದರಿಂದ ತಿದ್ದಲೇಬೇಕು. ಅದನ್ನೂ ನಗು ಬರಿಸುವ ಜೋಡಿ ವಾಕ್ಯಗಳಿಂದ ಮಾಡಿಸಿ. "ಹಕ್ಕಿ ಅಕ್ಕಿ ತಿಂದಿತು, ಅಕ್ಕಿ ಹಕ್ಕಿ ತಿಂದಿತು." ಮಕ್ಕಳು ಮರೆಯುವುದಿಲ್ಲ.

ತಪ್ಪನ್ನು ಎಲ್ಲರೆದುರು ಹೇಳಬಹುದಾ? ಉಳಿದವರೂ ಕಲಿಯುತ್ತಾರಲ್ಲ?

ತಪ್ಪನ್ನು ಹೇಳಿ, ಆದರೆ ಮಗುವನ್ನು ಎಲ್ಲರೆದುರು ಎದ್ದು ನಿಲ್ಲಿಸಬೇಡಿ. ಪೇಪರ್ ಎತ್ತಿ ತೋರಿಸಿ ಓದಿ ನಗಿಸುವುದು, ಅಂಕದ ಪ್ರಕಾರ ಹೆಸರು ಕೂಗಿ ಪೇಪರ್ ಹಂಚುವುದು, ಕಡಿಮೆ ಬಂದವರನ್ನು ಹಿಂದಿನ ಬೆಂಚಿಗೆ ಕಳಿಸುವುದು, ಇವೆಲ್ಲ ಇನ್ನೂ ನಡೆಯುತ್ತಿವೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಮಾಡಬಾರದ ಕೆಲಸ ಇದು.

ಮಕ್ಕಳೇ ಒಬ್ಬರದ್ದನ್ನು ಒಬ್ಬರು ತಿದ್ದಿದರೆ ನಡೆಯುತ್ತದಾ?

ನಡೆಯುತ್ತದೆ, ಆದರೆ ಏನು ನೋಡಬೇಕು ಅಂತ ಮೊದಲು ಕಲಿಸಬೇಕು. ಸುಮ್ನೆ ಬದಲಾಯಿಸಿಕೊಂಡು ತಿದ್ದಿ ಅಂದರೆ ಗೆಳೆಯನಿಗೆ ಪೂರ್ತಿ ಅಂಕ, ಆಗದವನಿಗೆ ಸೊನ್ನೆ. ಅಂಕ ಹಾಕೋಕೆ ಬಿಡಬೇಡಿ. ಪತ್ರಲೇಖನವಾದರೆ ದಿನಾಂಕ ಇದೆಯಾ, ಇಂದ-ಗೆ ವಿಳಾಸ ಇದೆಯಾ, ವಿಷಯ ಒಂದೇ ಸಾಲಿನಲ್ಲಿ ಇದೆಯಾ, ಇಷ್ಟನ್ನೇ ನೋಡಲಿ. ಕೊನೆಗೆ ಹಿಡಿಸಿದ್ದು ಒಂದು, ಅರ್ಥವಾಗದ್ದು ಒಂದು ಬರೆಯಲಿ. ಬೇರೆಯವರ ಪತ್ರದಲ್ಲಿ ದಿನಾಂಕ ಹುಡುಕಿದ ಮಗು ತನ್ನ ಪತ್ರದಲ್ಲಿ ಅದನ್ನು ಮರೆಯುವುದು ಕಡಿಮೆ.

ಚಿಕ್ಕ ಮಕ್ಕಳಿಗೂ ತಮ್ಮ ಪ್ರಗತಿ ತಾವೇ ನೋಡಿಕೊಳ್ಳೋಕೆ ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಚಿಕ್ಕ ತರಗತಿಗಳಿಗೆ ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಕಲಿಕಾ ಏಣಿ ಇದೆಯಲ್ಲ, ಅದರಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದಿನದು ಯಾವುದು ಅಂತ ಆರು ವರ್ಷದ ಮಗು ಬೆರಳಿಟ್ಟು ತೋರಿಸುತ್ತದೆ. ಹೈಸ್ಕೂಲಿಗೆ ಬರುವಷ್ಟರಲ್ಲಿ ನಾವು ಅದನ್ನು ಮರೆಸಿಬಿಟ್ಟಿರುತ್ತೇವೆ.

ಗೈಡ್ ನೋಡಿಯೋ ಮೊಬೈಲ್ ನೋಡಿಯೋ ಬರೆದುಕೊಂಡು ಬಂದಿದ್ದರೆ?

ಬೈದು ಪುಟ ಹರಿಯಬೇಡಿ. ಪಕ್ಕಕ್ಕೆ ಕರೆದು "ಈ ಎರಡನೇ ಪ್ಯಾರಾ ನಿನ್ನ ಮಾತಲ್ಲಿ ಹೇಳು" ಅನ್ನಿ. ಹೇಳಿದರೆ, ಹೇಳಿದ್ದನ್ನೇ ಬರೆಸಿ. ಹೇಳದಿದ್ದರೆ ಪಾಠ ಅರ್ಥವಾಗಿಲ್ಲ ಅಂತ ನಿಮಗೂ ಗೊತ್ತಾಯಿತು. "ಪರಿಸರ ಮಾಲಿನ್ಯ" ಅಂತ ವಿಷಯ ಕೊಟ್ಟರೆ ನಕಲು ಬರುತ್ತದೆ. "ನಿಮ್ಮ ಬೀದಿಯ ಚರಂಡಿ" ಅಂತ ಕೊಟ್ಟು ನೋಡಿ, ಯಾವ ಗೈಡಿನಲ್ಲೂ ಸಿಗುವುದಿಲ್ಲ.

ತಪಾಸಣೆಗೆ ಬಂದವರು ಪ್ರತಿ ಪುಟದಲ್ಲೂ ಸಹಿ ಕೇಳುತ್ತಾರೆ. ಆಗ?

ಸಹಿ ಹಾಕಿ, ದಿನಾಂಕವನ್ನೂ ಹಾಕಿ. ಅದರ ಜೊತೆಗೆ ಮಗು ತಿದ್ದಿ ಬರೆದ ನಾಲ್ಕು ಪುಸ್ತಕ ಮುಂದಿಡಿ. ಮೊದಲ ಬರಹ, ನಿಮ್ಮ ಟಿಪ್ಪಣಿ, ಮಗುವಿನ ಎರಡನೇ ಬರಹ. ಪಾಠ ಮಾಡಿದ ಅನುಭವ ಇರುವ ಅಧಿಕಾರಿಗಳಿಗೆ ಅದನ್ನು ನೋಡಿದ ಮೇಲೆ ಜಾಸ್ತಿ ವಿವರಿಸುವ ಅಗತ್ಯ ಇರುವುದಿಲ್ಲ.

ಪೋಷಕರ ಸಭೆಯಲ್ಲಿ ಏನು ಹೇಳಬೇಕು?

"ಓದಲ್ಲ, ಸ್ವಲ್ಪ ಮನೇಲಿ ನೋಡಿಕೊಳ್ಳಿ" ಅಂದರೆ ಮನೆಗೆ ಹೋದ ಮೇಲೆ ಮಗುವಿಗೆ ಏಟು ಬೀಳುತ್ತದೆ, ಅಷ್ಟೇ. ಕೂಲಿಗೆ ಹೋಗಿ ಸಂಜೆ ಬರುವ ತಾಯಿ ಏನನ್ನು ನೋಡಿಕೊಳ್ಳಬೇಕು? ಅವರಿಂದ ಆಗುವ ಕೆಲಸ ಹೇಳಿ. "ರಾತ್ರಿ ಊಟ ಆದ ಮೇಲೆ ಒಂದು ಪುಟ ಜೋರಾಗಿ ಓದಿಸಿ, ಕೇಳಿಸಿಕೊಳ್ಳಿ ಅಮ್ಮ. ನಿಮಗೆ ಓದೋಕೆ ಬರದಿದ್ದರೂ ಪರವಾಗಿಲ್ಲ." ಮೊದಲು ಮಗು ಚೆನ್ನಾಗಿ ಮಾಡಿದ್ದು ಒಂದನ್ನು ತೋರಿಸಿ, ಮಗು ಪಕ್ಕದಲ್ಲಿ ನಿಂತು ಕೇಳುವಾಗಲೇ ತೋರಿಸಿ.

ಹತ್ತನೇ ತರಗತಿಯಲ್ಲಿ ಇದಕ್ಕೆಲ್ಲ ಟೈಮ್ ಎಲ್ಲಿದೆ?

ಹತ್ತನೆಯದರಲ್ಲೇ ಇದು ಜಾಸ್ತಿ ಬೇಕು. ಎಸ್ಸೆಸ್ಸೆಲ್ಸಿ 625 ಅಂಕದಲ್ಲಿ ಒಂದೊಂದೂ ಲೆಕ್ಕಕ್ಕೆ ಬರುತ್ತದೆ ಅಂತ ಮಕ್ಕಳಿಗೂ ಗೊತ್ತು. ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ಕೊಟ್ಟು, ಕೀ ಉತ್ತರ ಓದಿ, ಮುಂದಿನ ಪಾಠಕ್ಕೆ ಹೋಗಿಬಿಟ್ಟರೆ ಆ ಪರೀಕ್ಷೆ ಬರೆಸಿದ್ದೇ ವ್ಯರ್ಥ. ಒಂದು ಪಿರಿಯಡ್ ಇದಕ್ಕೆ ಕೊಡಿ. ಮಗು ತನ್ನ ಪೇಪರ್ ನೋಡಿ, ಕಳೆದುಕೊಂಡ ಅಂಕಗಳನ್ನು ಮೂರು ಕಾಲಮ್ಮಿನಲ್ಲಿ ಹಾಕಲಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ತಪ್ಪಾಯಿತು, ಟೈಮ್ ಸಾಲಲಿಲ್ಲ. ಮೊದಲ ಕಾಲಮ್ ತುಂಬಿದವರಿಗೆ ಯಾವ ಪಾಠ ಮತ್ತೆ ಓದಬೇಕು ಅಂತ ಹೇಳಿ. ಎರಡನೆಯದು ತುಂಬಿದವರಿಗೆ ಅದೇ ಪ್ರಶ್ನೆಗಳನ್ನು ಮತ್ತೆ ಬರೆಸಿ, ಪ್ರಶ್ನೆಯನ್ನು ಎರಡು ಸಲ ಓದುವ ಅಭ್ಯಾಸ ಮಾಡಿಸಿ. ಮೂರನೆಯವರಿಗೆ ಗಡಿಯಾರ ಇಟ್ಟು ನಾಲ್ಕು ಅಂಕದ ಒಂದು ಉತ್ತರವನ್ನು ಎಂಟು ನಿಮಿಷದಲ್ಲಿ ಮುಗಿಸೋಕೆ ಹೇಳಿ. ಮುಂದಿನ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಅದೇ ಮೂರು ಕಾಲಮ್ಮಿನ ಹಾಳೆಯನ್ನು ಮತ್ತೆ ತೆಗೆಸಿ, ಹೊಸದರ ಪಕ್ಕದಲ್ಲಿ ಇಡಿಸಿ.